ಅಜ್ಜನ ಪೆನ್ನು ಆರ ಪಾಲಿಂಗೆ?

ಮನೆಲಿ ಹೆರಿಯೋರು ತೀರಿಹೋಗಿ, ಬೊಜ್ಜ ಎಲ್ಲ ಕಳುದು, ನಾಲ್ಕೈದು ತಿಂಗಳಪ್ಪಗ ಅವರ ಕಪಾಟು ಖಾಲಿ ಮಾಡ್ತ ಕೆಲಸ ಒಂದು ಬತ್ತು. ಆ ಕೆಲಸ ಹೆಚ್ಚಾಗಿ ನಮ್ಮದೇ, ಹೆಮ್ಮಕ್ಕಳದ್ದೇ. ತೋಟ-ಗೆದ್ದೆಯ ಪಾಲಿನ ವಿಷಯ ಗೆಂಡುಮಕ್ಕೊ ಚಾವಡಿಲಿ ಕೂದು ಮಾತಾಡುಗು. ಚಿನ್ನದ್ದು ಒಳವೇ ಇತ್ಯರ್ಥ ಅಕ್ಕು. ಪಟ್ಟೆಸೀರೆಗೊ ಮಗಳಕ್ಕೊಗೆ, ಸೊಸೆಕ್ಕೊಗೆ ಹಂಚಿ ಹೋಕು. ಕಡೆಂಗೆ ಒಳಿವದು ಒಂದು ತಗಡಿನ ಡಬ್ಬಿ. ಅದರಲ್ಲಿ ಕಾಲು ಮುರುದ ಕನ್ನಡ್ಕ, ಏವ ಬೀಗದ್ದು ಹೇಳಿ ಆರಿಂಗೂ ಗೊಂತಿಲ್ಲದ್ದ ಬೀಗದ ಕೈ, ನಿಂದ ವಾಚು, ಅದರೆಡಕ್ಕಿಲಿ ಮೂರೋ ನಾಲ್ಕೋ ಇಂಕಿನ ಪೆನ್ನು. ಒಂದು ಸೆಂಟ್ಸು ಜಾಗೆಗೆ ವರ್ಷಗಟ್ಲೆ ಮಾತು ಬಿಟ್ಟ ಮನೆಲಿಯೂ ಆ ಪೆನ್ನುಗೊಕ್ಕೆ ಆರದ್ದೂ ತಕರಾರು ಇಲ್ಲೆ. "ಇದಿನ್ನು ಎಂತಕೆ?" ಹೇಳಿ ಒಂದು ಪ್ರಶ್ನೆ, ಮತ್ತೆ ಸೀದಾ ಗುಜರಿಯವನ ಗೋಣಿಗೆ.

ಎನ್ನ ತಕರಾರು ಇಪ್ಪದು ಅಲ್ಲಿಯೇ. ಪೆನ್ನುದೇ ಪಾಲಿನ ಲೆಕ್ಕಕ್ಕೆ ಬರೆಕು ಹೇಳಿ ಆನು ಹೇಳುದು. ಮಗನೋ ಮಗಳೋ, ಹೆರಿ ಸೊಸೆಯೋ ಕಿರಿ ಸೊಸೆಯೋ ಹೇಳಿ ನೋಡದ್ದೆ, ಮನೆಲಿ ಆರು ಬರೆತ್ತವೋ ಅವರ ಕೈಗೆ ಅದು ಹೋಯೆಕು. ಬರವೋರು ಆರೂ ಇಲ್ಲದ್ದರೆ ಮಾರ್ಲಕ್ಕು, ಅದರಲ್ಲಿ ಎಂತ ತಪ್ಪಿಲ್ಲೆ. ಆದರೆ ಎಂತರ ಮಾರ್ತಾ ಇದ್ದು, ಆರದ್ದರ ಮಾರ್ತಾ ಇದ್ದು ಹೇಳಿ ಗೊಂತಿದ್ದುಗೊಂಡು ಮಾರೆಕು.

ಇಂಕು ಪೆನ್ನಿನ ಕಾಲ ಮುಗುದತ್ತು ಹೇಳಿ ನಾವು ಗ್ರೇಶಿದ್ದು. ಬಾಲ್ ಪೆನ್ನು ಬಂತು, ಅದಾದ ಮೇಲೆ ಮೊಬೈಲು ಬಂತು, ಕಾಗದ ಬರವದೇ ನಿಂದತ್ತು. ಆದರೆ ಈಗ ನೋಡಿರೆ ಬೆಂಗ್ಳೂರು, ಚೆನ್ನೈ, ಪುಣೆ ಹೇಳಿ ಎಲ್ಲಾ ದಿಕ್ಕೆ ಪ್ರಾಯದ ಮಕ್ಕೊ ಹಳೆ ಪೆನ್ನಿನ ಹುಡ್ಕಿ ಹುಡ್ಕಿ ತೆಗೆತ್ತಾ ಇದ್ದವು. ಎನ್ನ ಮಗಳಿಂಗೂ ಆ ಮರುಳು ಇದ್ದು. ಸಂಬಳಲ್ಲಿ ರಜ ರಜ ಒಳುಶಿ, ತನ್ನಿಂದ ಎರಡರಷ್ಟು ಪ್ರಾಯದ ಪೆನ್ನು ತೆಕ್ಕೊಂಡು, ತೊಳದು, ರಿಪೇರಿ ಮಾಡ್ಸಿ ಬರೆತ್ತು. ಜೆಂಬರಲ್ಲಿ ಸಿಕ್ಕಿದ ಕೆಲವು ಅತ್ತೆಕ್ಕೊ ಎನ್ನತ್ರೆ ಕೇಳಿದವು, "ಅಲ್ಲ ಕೂಸೆ, ಆರೋ ಸತ್ತೋರ ಪೆನ್ನು ತೆಗವ ಬದಲು ಎರಡು ಗ್ರಾಮು ಚಿನ್ನ ತೆಗವಲಾಗದಾ ಅದಕ್ಕೆ?" ಹೇಳಿ. ಆನು ಹೇಳಿದೆ, ಹೆರಿಯೋರ ಬಳೆ ಕರಗುಸದ್ದೆ ಹಾಂಗೇ ಹಾಕಿಗೊಂಬಲೆ ನವಗೆ ಹೆದರಿಕೆ ಇಲ್ಲೆ, ಅಜ್ಜಿಯ ಕುಂಕುಮದ ಭರಣಿ ಉಪಯೋಗ್ಸುಲೆ ಹೆದರಿಕೆ ಇಲ್ಲೆ, ಪೆನ್ನಿಂಗೆ ಮಾಂತ್ರ ಎಂತಕೆ ಹೇಳಿ. ಅವು ನೆಗೆಮಾಡಿದವು. ಆದರೆ ಆ ಪ್ರಶ್ನೆ ಎನ್ನ ತಲೆಂದ ಹೋಯಿದಿಲ್ಲೆ, ಹಾಂಗಾಗಿ ಇದರ ಬರೆತ್ತಾ ಇದ್ದೆ.

ಸುರುವಿಂಗೆ ಆ ಡಬ್ಬಿಲಿ ಎಂತ ಇಕ್ಕು ಹೇಳಿ ನೋಡುವೊ. ನಮ್ಮ ಊರಿನ ಮನೆಗಳಲ್ಲಿ ಜಾಸ್ತಿ ಸಿಕ್ಕುದು ಹೀರೋ ಪೆನ್ನು. ಚೀನದ ಶಾಂಘೈಲಿ ಮಾಡಿದ್ದು. ಬೊಂಬಾಯಿಂದಲೋ ಗಲ್ಫಿಂದಲೋ ಬಂದ ನೆಂಟ್ರು ತಂದು ಕೊಟ್ಟದು. ಸಪೂರದ ಮೈ, ಬೆಳ್ಳಿ ಬಣ್ಣದ್ದೋ ಚಿನ್ನದ ಬಣ್ಣದ್ದೋ ಮುಚ್ಚಲು, ನಿಬ್ಬಿನ ಕೊಡಿ ಮಾಂತ್ರ ಹೆರ ಕಾಂಬದು. ಆ ರೂಪ ಹೀರೋದ ಸ್ವಂತದ್ದಲ್ಲ. ಅಮೇರಿಕದ ಪಾರ್ಕರ್ 51 ಹೇಳ್ತ ಪೆನ್ನಿನ ನೋಡಿ ಮಾಡಿದ್ದು. ಪಾರ್ಕರ್ 51 ಮಾರಾಟಕ್ಕೆ ಬಂದದು 1941ರಲ್ಲಿ, ಅದರ ಮಾಡುದು ನಿಲ್ಸಿದ್ದು 1972ರಲ್ಲಿ. ವಕೀಲಂಗಳ ಮನೆಲಿ, ಡಾಕ್ಟ್ರಕ್ಕಳ ಮನೆಲಿ, ಹೆಡ್ಮಾಷ್ಟ್ರಕ್ಕಳ ಮನೆಲಿ ಒಂದಾದರೂ ಇಕ್ಕು. ಹೀರೋ ಆದರೆ ಕ್ರಯ ಕಮ್ಮಿ, 51 ಆದರೆ ಸುಮಾರು ಹೆಚ್ಚು. ಎರಡೂ ದೂರಂದ ಒಂದೇ ಹಾಂಗೆ ಕಾಣ್ತು. ಮುಚ್ಚಲಿನ ಅಂಚಿಲಿ ಕೆತ್ತಿದ ಹೆಸರಿನ ಕನ್ನಡ್ಕ ಹಾಕಿ ಓದಿರೆ ಗೊಂತಕ್ಕು.

ಮತ್ತೆ ನಮ್ಮ ದೇಶದ ಪೆನ್ನುಗೊ. ಆಂಧ್ರದ ರಾಜಮಹೇಂದ್ರಿಯ ರತ್ನಂ ಪೆನ್ನು ಸ್ವದೇಶಿ ಚಳುವಳಿಯ ಕಾಲದ್ದು. ಗಾಂಧೀಜಿ ಅದರಲ್ಲಿ ಬರದು ನೋಡಿ, ಒಪ್ಪ ಇದ್ದು ಹೇಳಿ 1935ರಲ್ಲಿ ಕಾಗದ ಬರದ್ದವು. ಹೈದರಾಬಾದಿನ ಡೆಕ್ಕನ್, ಚೆನ್ನೈ ಹತ್ತರೆಯ ತಿರುವಳ್ಳೂರಿನ ಪೆನ್ನುಗೊ, ಬೊಂಬಾಯಿಯ ಏರ್‌ಮೇಲ್ ಹೇಳಿ ಸುಮಾರು ಇದ್ದು. ಕಪ್ಪೋ ಕಂದು ಗೀಟಿಂದೋ ಮೈ ಇಪ್ಪ ದಪ್ಪದ ಪೆನ್ನು ಸಿಕ್ಕಿರೆ ಉದಾಸೀನ ಮಾಡೆಡಿ. ಅದು ಎಬೊನೈಟಿಂದು ಆದಿಕ್ಕು. ರಬ್ಬರಿಂಗೆ ಗಂಧಕ ಸೇರ್ಸಿ ಬೇಶಿ ಗಟ್ಟಿ ಮಾಡಿದ ವಸ್ತು ಅದು. ತಿರುವಳ್ಳೂರಿಲಿ ಈಗಳೂ ಎಬೊನೈಟಿನ ಕೋಲಿನ ಕಡಚ್ಚಲಿಲಿ ಹಿಡುದು, ಕೈಲಿಯೇ ಪೆನ್ನು ಮಾಡುವೋರು ಇದ್ದವು.

ಇಂತಾ ಪೆನ್ನಿನ ಒಳ ಬೇರೆ ಟ್ಯೂಬು ಇಲ್ಲೆ. ಹಿಂದಾಣ ಕೊಳವೆಯೇ ಇಂಕಿನ ಕುಪ್ಪಿ. ಫಿಲ್ಲರಿಲಿ ಹುಂಡು ಹುಂಡಾಗಿ ಬಿಟ್ಟು ಕೊರಳು ತಿರ್ಪಿ ಮುಚ್ಚುದು. ಅಜ್ಜಂದ್ರ ಅಂಗಿಯ ಕಿಸೆಲಿ ನೀಲಿ ಕಲೆ ಇಪ್ಪದು ನಿಂಗೊ ಎಲ್ಲೋರೂ ಕಂಡಿಪ್ಪಿ. ಅದರ ತೊಳದು ತೊಳದು ಅಜ್ಜಿಯಕ್ಕೊ ಬೈದ್ದದೂ ಕೇಳಿಪ್ಪಿ. ಆ ಬೈಗಳು ಪೂರ್ತಿ ಅಜ್ಜಂಗೆ ಸಲ್ಲುತ್ತದಲ್ಲ. ಇಂಕು ಅರ್ಧಂದ ಕಮ್ಮಿ ಅಪ್ಪಗ ಒಳ ಗಾಳಿ ತುಂಬುತ್ತು. ಕೈಯ ಬೆಶಿಗೆ, ಮೈಯ ಬೆಶಿಗೆ ಆ ಗಾಳಿ ಹಿಗ್ಗಿ, ಒಳುದ ಇಂಕಿನ ಹೆರ ನೂಕುತ್ತು. ಇಂಕು ತೀರ ಕಮ್ಮಿ ಅಪ್ಪಲೆ ಬಿಡದ್ದೆ ತುಂಬುಸಿದರೆ ಆತು, ಸೋರುದು ಎಷ್ಟೋ ಕಮ್ಮಿ ಆವ್ತು. ಎಣ್ಣೆ ಕುಪ್ಪಿ, ತುಪ್ಪದ ಭರಣಿ ಎಷ್ಟೊತ್ತಿಂಗೆ ತುಂಬುಸೆಕು ಹೇಳಿ ನೋಡಿಗೊಂಬ ನವಗೆ ಇದು ದೊಡ್ಡ ವಿದ್ಯೆ ಅಲ್ಲ.

ಬಣ್ಣ ಬಣ್ಣದ, ಮುತ್ತಿನ ಹಾಂಗೆ ಹೊಳವ ಮೈಯ ಹಳೆ ಪೆನ್ನು ಸಿಕ್ಕಿರೆ ಮುಚ್ಚಲು ತೆಗದು ಒಂದರಿ ಮೂಸಿ ನೋಡಿ. ಕರ್ಪೂರದ ಪರಿಮ್ಮಳ ಬಂದರೆ ಅದು ಸೆಲ್ಯುಲಾಯ್ಡು. ಅದರ ಮಾಡುವಗ ಕರ್ಪೂರ ಹಾಕುತ್ತವು, ಹತ್ತಾರು ವರ್ಷ ಕಳುದರೂ ಆ ಪರಿಮ್ಮಳ ಒಳಿತ್ತು. ಕರ್ಪೂರದ ಹಾಂಗೇ ಅದಕ್ಕೆ ಕಿಚ್ಚೂ ಬೇಗ ಹಿಡಿತ್ತು, ಹಾಂಗಾಗಿ ದೇವರ ದೀಪದ ಹತ್ತರೆ, ಒಲೆಯ ಹತ್ತರೆ ಮಡುಗಲೇ ಆಗ. ಎಬೊನೈಟಿನ ಪೆನ್ನಿನ ಬೆಳ್ಳಿಯ ಸಾಮಾನಿನೊಟ್ಟಿಂಗೆ ಮಡುಗಲಾಗ. ಅದರಲ್ಲಿಪ್ಪ ಗಂಧಕಂದಾಗಿ ಬೆಳ್ಳಿ ಕಪ್ಪಾವ್ತು. ಬೆಶಿಲಿಲಿಯೂ ಮಡುಗಲಾಗ, ಕಪ್ಪು ಬಣ್ಣ ಹೋಗಿ ಕಂದು ಆವ್ತು.

ಚಿನ್ನದ ಮಾತು ಬಂದಪ್ಪಗ ಒಂದು ಎಚ್ಚರಿಕೆ ಹೇಳ್ತೆ. ನಿಬ್ಬಿನ ಮೇಲೆ 14 ಕೆ ಹೇಳಿಯೋ 585 ಹೇಳಿಯೋ ಇದ್ದರೆ ಅದು ನಿಜವಾದ ಚಿನ್ನ, ನೂರರಲ್ಲಿ ಐವತ್ತೆಂಟೂವರೆ ಪಾಲು. ಅಷ್ಟು ಕೇಳಿದ ಕೂಡ್ಲೇ ಕೆಲವರು ನಿಬ್ಬು ಕಿತ್ತು ಅಕ್ಕಸಾಲಿಯ ಹತ್ತರೆ ತೆಕ್ಕೊಂಡು ಹೋವ್ತವು. ಸಾಮಾನ್ಯ ನಿಬ್ಬಿನ ತೂಕ ಅರ್ಧ ಗ್ರಾಮಿನ ಆಸುಪಾಸು, ಸಣ್ಣದಾದರೆ ಅದಕ್ಕೂ ಕಮ್ಮಿ. ಕರಗುಸಿದರೆ ಒಂದು ಮೂಗುಬೊಟ್ಟಿಂಗೂ ಸಾಲ. ಒಳ್ಳೆ ಪೆನ್ನಿಂದ ನಿಬ್ಬು ಹೋತು ಹೇಳಿರೆ ಒಳುದ್ದು ಬರೇ ಕೊಳವೆ, ಅದಕ್ಕೆ ಕ್ರಯವೂ ಇಲ್ಲೆ, ಕೆಲಸವೂ ಇಲ್ಲೆ. ಮತ್ತೊಂದು, ಬರವದು ಚಿನ್ನ ಅಲ್ಲ. ಚಿನ್ನ ಮೆದು, ಕಾಗದಕ್ಕೆ ತಾಗಿ ಬೇಗ ಸವದು ಹೋಕು. ಹಾಂಗಾಗಿ ಕೊಡಿಲಿ ಗಟ್ಟಿ ಲೋಹದ ಒಂದು ಸಣ್ಣ ಕಾಳು ಬೆಸದು ಸೇರ್ಸುತ್ತವು. ಇರಿಡಿಯಂ ಹೇಳಿ ಅದರ ರೂಢಿಯ ಹೆಸರು. ಆ ಕಾಳು ಸಾಸಮೆಂದಲೂ ಸಣ್ಣ. ಪೆನ್ನಿನ ಜೀವ ಇಪ್ಪದು ಅಲ್ಲಿ.

ಎನ್ನ ಮುಖ್ಯವಾದ ಮಾತು ಇನ್ನಾಣದ್ದು. ಹಳೆ ಪೆನ್ನು ತೆಗವೋರಲ್ಲಿ ಒಂದು ಲೆಕ್ಕ ಇದ್ದು. ಒಂದರಿಯೂ ಇಂಕು ಕಾಣದ್ದ, ಕಂಪೆನಿಯ ಚೀಟಿ ಅಂಟಿಸಿಗೊಂಡೇ ಇಪ್ಪ ಪೆನ್ನಿಂಗೆ ಎಲ್ಲದರಿಂದ ಹೆಚ್ಚು ಕ್ರಯ. ಮೈಲಿ ಆರದ್ದಾರೂ ಹೆಸರು ಕೆತ್ತಿದ್ದರೆ ಹೆಚ್ಚಾಗಿ ಕ್ರಯ ಕಮ್ಮಿ. ಹಲ್ಲಿಲಿ ಕಚ್ಚಿದ ಗುರ್ತ ಇದ್ದರೆ ಕಮ್ಮಿ. ನಿಬ್ಬಿನ ಕೊಡಿ ಒಂದು ಹೊಡೆಂಗೆ ಸವದಿದ್ದರೆ ಇನ್ನೂ ಕಮ್ಮಿ. ಅವರ ಲೆಕ್ಕ ಅವಕ್ಕೆ ಸರಿ, ವ್ಯಾಪಾರ ಹೇಳಿರೆ ಹಾಂಗೇ. ಆದರೆ ಮನೆಯೊಳಾಣ ಲೆಕ್ಕ ಅದಕ್ಕೆ ಉಲ್ಟಾ ಆಯೆಕು ಹೇಳಿ ಎನ್ನ ಅಭಿಪ್ರಾಯ.

ದೋಸೆ ಎಳಕ್ಕುವ ಸಟ್ಟುಗ ನೋಡಿ. ಇಪ್ಪತ್ತು ವರ್ಷ ಒಬ್ಬನೇ ಉಪಯೋಗ್ಸಿದರೆ ಅದು ಒಂದು ಹೊಡೆಂದ ಸವದಿರ್ತು. ಬೇರೆಯೋರ ಕೈಗೆ ಕೊಟ್ಟರೆ ಅವಕ್ಕೆ ದೋಸೆ ಏಳ್ತಿಲ್ಲೆ. ನಿಬ್ಬುದೇ ಹಾಂಗೇ. ಬರವೋರು ಪೆನ್ನಿನ ಎಷ್ಟು ಓರೆ ಹಿಡಿತ್ತವು, ಎಷ್ಟು ಒತ್ತುತ್ತವು, ಅದಕ್ಕೆ ತಕ್ಕ ಆ ಕಾಳು ಸವೆತ್ತು. ಅಜ್ಜನ ಪೆನ್ನಿಲಿ ನಿಂಗೊ ಬರವಲೆ ಹೆರಟರೆ ಸುರುವಿಂಗೆ ಗೀರ್ತು, ಇಂಕು ಬತ್ತಿಲ್ಲೆ. ರಜ ರಜ ತಿರ್ಪಿ ನೋಡಿ. ಒಂದು ಓರೆಲಿ ಅದು ಬೆಣ್ಣೆಯ ಹಾಂಗೆ ಹೋಪಲೆ ಸುರು ಆವ್ತು. ಆ ಓರೆಯೇ ಅಜ್ಜನ ಕೈ. ಅವು ಪೆನ್ನು ಹಿಡ್ಕೊಂಡಿತ್ತಿದ್ದ ಕ್ರಮ ಅದು. ಪಟಲ್ಲಿ ಮೋರೆ ಕಾಣ್ತು, ಆದರೆ ಕೈ ಹೇಂಗೆ ಬಗ್ಗಿಂಡಿತ್ತು ಹೇಳಿ ಏವ ಪಟಲ್ಲಿಯೂ ಗೊಂತಾಗ. ಇಂತಾದ್ದರ ಗುಜರಿಗೆ ಹಾಕುದು ಸರಿಯಾ? ಹೆಸರು ಕೆತ್ತಿದ್ದು ಪೇಟೆಗೆ ಕೊರತೆ ಆದಿಕ್ಕು, ನವಗೆ ಅದು ಒಡವೆಯ ಮೇಲಾಣ ಕುಸುರಿ. ಮದಲು ಪೆನ್ನಿನ ಅಂಗಡಿಲಿ ಹೆಸರು ಕೆತ್ತಿ ಕೊಟ್ಟೊಂಡಿತ್ತಿದ್ದವು. ಪಾಸಾದ್ದಕ್ಕೆ ಮಾವ ಕೊಟ್ಟದು, ಮದುವೆಗೆ ಬಂದದು, ರಿಟೈರ್ಡಾಪ್ಪಗ ಶಾಲೆಯೋರು ಕೊಟ್ಟದು ಹೇಳಿ ಒಂದೊಂದು ಹೆಸರಿನ ಹಿಂದೆ ಒಂದೊಂದು ದಿನ ಇದ್ದು.

ಎನಗೆ ಗೊಂತಿಪ್ಪ ಒಂದು ಮನೆಯ ಕತೆ ಹೇಳ್ತೆ. ಅಲ್ಲಿಯಾಣ ದೊಡ್ಡಬ್ಬೆ ಶಾಲೆಲಿ ಟೀಚರು ಆಗಿದ್ದವು. ಯಜಮಾನ್ರು ತೀರಿಹೋಗಿ ಒಂದು ವರ್ಷ ಕಳುದಪ್ಪಗ ಹಳೆ ಪೈಸೆ, ಹಳೆ ಪೆನ್ನು ತೆಗವವು ಒಬ್ಬ ಬಂದವಂಗೆ ಮನೆಯೋರು ಇಡೀ ಡಬ್ಬಿ ಕೊಟ್ಟವು. ಒಂಬತ್ತು ಪೆನ್ನಿಂಗೆ ಐನ್ನೂರು ರುಪಾಯಿ. ಎಲ್ಲೋರಿಂಗೂ ಕುಶಿ, ಕಸ ಹೋತು, ಪೈಸೆ ಬಂತು. ಹೊತ್ತೋಪಗ ದೊಡ್ಡಬ್ಬೆ ಡಬ್ಬಿ ಹುಡ್ಕಿದವು. ಅದರಲ್ಲಿ ಎಂಟು ಯಜಮಾನ್ರದ್ದು, ಒಂದು ಅವರದ್ದೇ. ಟೀಚರ್ ಟ್ರೈನಿಂಗು ಮುಗುಶಿ ಸುರುವಾಣ ಸಂಬಳ ಬಂದಪ್ಪಗ ಅವು ತಾನೇ ತೆಗದ ಪೆನ್ನು. ಅವರ ಹೆಸರು, ಮದುವೆಂದ ಮದಲಾಣ ಮನೆಯ ಹೆಸರು ಸಮೇತ ಅದರ ಮೇಲೆ ಕೆತ್ತಿತ್ತು. "ಎನ್ನದು ಹೋತನ್ನೆ" ಹೇಳಿ ಒಂದೇ ಮಾತು ಹೇಳಿದವು, ಮತ್ತೆ ಆ ವಿಷಯ ತೆಗದ್ದವಿಲ್ಲೆ. ಮನೆಯೋರು ಕೆಟ್ಟವು ಅಲ್ಲ. ಅಬ್ಬೆಗೂ ಒಂದು ಪೆನ್ನಿಕ್ಕು ಹೇಳಿ ಅವರ ತಲೆಗೇ ಹೋಯಿದಿಲ್ಲೆ, ಅಷ್ಟೆ.

ಆ 'ಅಷ್ಟೆ' ಹೇಳುದು ಎನಗೆ ಸಣ್ಣ ವಿಷಯ ಅಲ್ಲ. ಪೆನ್ನು ಹೇಳಿರೆ ಗೆಂಡುಮಕ್ಕಳ ಕಿಸೆಯ ವಸ್ತು ಹೇಳಿ ನಮ್ಮ ಮನಸ್ಸಿಲಿ ಕೂದುಹೋಯಿದು. ನಮ್ಮ ಸೀರೆಗೆ ಕಿಸೆ ಇಲ್ಲೆ, ಅದಕ್ಕೇ ಆದಿಕ್ಕೋ ಏನೋ! ಅಮೇರಿಕಲ್ಲಿ 1920ರ ದಶಕಲ್ಲಿ ಹೆಮ್ಮಕ್ಕೊಗೆ ಹೇಳಿಯೇ ಸಣ್ಣ ಪೆನ್ನು ಮಾಡಿಂಡಿತ್ತಿದ್ದವು. ಮುಚ್ಚಲಿನ ಮೇಲೆ ಒಂದು ಬಳೆ ಇರ್ತು, ಅದರ ರಿಬ್ಬನಿಂಗೋ ಚೈನಿಂಗೋ ಹಾಕಿ ಕೊರಳಿಲಿ ನೇಲ್ಸಿಗೊಂಬದು. ಅವಕ್ಕೂ ಕಿಸೆ ಇಲ್ಲದ್ದ ಅಂಗಿ, ಆದರೂ ಪೆನ್ನು ಬೇಕು ಹೇಳಿ ಇತ್ತು. ನಮ್ಮಲ್ಲಿ ಅಜ್ಜಿಯಕ್ಕೊ ಬರದ್ದವಿಲ್ಲೆಯಾ? ಶೋಭಾನೆಯ ಪುಸ್ತಕ ಆರು ಬರದ್ದು? ಮದುವೆ, ಉಪ್ನಾನ, ಬಯಕೆಯ ಹಾಡುಗಳ ಒಬ್ಬರ ಪುಸ್ತಕಂದ ಇನ್ನೊಬ್ಬರ ಪುಸ್ತಕಕ್ಕೆ ಮಧ್ಯಾಹ್ನದ ಊಟ ಕಳುದ ಮೇಲೆ ಕೂದು ಬರಕ್ಕೊಂಡದು ಆರು? ಹಾಲಿನ ಲೆಕ್ಕ, ಮಡಿವಾಳ್ತಿಯ ಲೆಕ್ಕ, ಉಪ್ಪಿನಕಾಯಿಯ ಅಳತೆ, ಮಕ್ಕಳ ಜಾತಕದ ಹೊತ್ತುಗಳಿಗೆ ಬರದು ಮಡಗಿದ್ದು ಆರು? ಅಪ್ಪನಮನೆಗೆ ಇನ್‌ಲ್ಯಾಂಡು ಬರದು, ಮಡುಸುವ ತುಂಡಿಲಿಯೂ ಜಾಗೆ ಬಿಡದ್ದೆ ತುಂಬುಸಿದ್ದು ಆರು? ಇಷ್ಟೆಲ್ಲ ಬರದ್ದು ಹೆಚ್ಚಾಗಿ ಯಜಮಾನ್ರ ಪೆನ್ನಿಲಿ, ಅವು ಪೇಟೆಗೆ ಹೋಗದ್ದ ಹೊತ್ತಿಲಿ. ಸ್ವಂತ ಪೆನ್ನಿತ್ತಿದ್ದ ಅಜ್ಜಿ ಅಪರೂಪ. ಅದಕ್ಕೇ ಆ ಅಪರೂಪದ್ದು ಮನೆಲಿದ್ದರೆ ಅದರ ಬಿಟ್ಟುಹಾಕೆಡಿ ಹೇಳಿ ಕೈ ಮುಗುದು ಕೇಳುದು.

ಪಾಲು ಮಾಡುವಗ "ಪುಸ್ತಕ, ಪೆನ್ನು ಎಲ್ಲ ಮಗಂಗೆ ಇರಳಿ" ಹೇಳುವ ಮನೆಗಳೂ ಇದ್ದು. ಮಗ ಬರೆತ್ತರೆ ಸಂತೋಷ. ಆದರೆ ಅವ° ಅದರ ಶೋಕೇಸಿಲಿ ಗಾಜಿನ ಹಿಂದೆ ಮಡುಗುತ್ತರೆ, ಹಾಡು ಬರವ ತಂಗೆಗೋ, ದಿನಚರಿ ಬರವ ಸೊಸೆಗೋ, ಅಕ್ಷರ ಒಪ್ಪ ಆಯೆಕು ಹೇಳಿ ಕೊದಿ ಇಪ್ಪ ಪುಳ್ಳಿಗೋ ಕೊಡುದು ನ್ಯಾಯ. ಹಸು ಆರು ಕರೆತ್ತವೋ ಅವರ ಹಟ್ಟಿಲಿರೆಕು, ಅಲ್ಲದಾ?

ಇದಕ್ಕೆ ಎದುರು ಮಾತು ಇದ್ದು ಹೇಳಿ ಎನಗೆ ಗೊಂತಿದ್ದು. "ಹತ್ತು ರುಪಾಯಿಯ ಬಾಲ್ ಪೆನ್ನಿಲಿ ಬರದರೆ ಅಕ್ಷರ ಬತ್ತಿಲ್ಲೆಯಾ?" ಹೇಳಿ ಕೇಳುಗು. ಬತ್ತು. ಎನ್ನ ಹಾಲಿನ ಲೆಕ್ಕ ಈಗಳೂ ಬಾಲ್ ಪೆನ್ನಿಲಿಯೇ. ಆದರೆ ಬಾಲ್ ಪೆನ್ನು ಮುಗುದರೆ ಇಡ್ಕುದು. ವರ್ಷಕ್ಕೆ ಎಷ್ಟು ಇಡ್ಕಿದ್ದು ಹೇಳಿ ಮಕ್ಕೊ ಇಪ್ಪ ಮನೆಲಿ ಲೆಕ್ಕ ಹಾಕಿ ನೋಡಿ. ಇಂಕಿನ ಪೆನ್ನಿಂಗೆ ಒಂದು ಕುಪ್ಪಿ ಇಂಕು ತಂದರೆ ತಿಂಗಳುಗಟ್ಲೆ ಬತ್ತು. ಒತ್ತಿ ಬರೆಯೆಕು ಹೇಳಿಯೂ ಇಲ್ಲೆ, ಪೆನ್ನಿನ ಭಾರವೇ ಸಾಕು. ಕೈಗೆಂಟು ಬೇನೆ ಇಪ್ಪೋರು ಒಂದರಿ ಬರದು ನೋಡಿ, ವ್ಯತ್ಯಾಸ ಕೈಗೇ ಗೊಂತಕ್ಕು.

ಎರಡ್ನೇ ಎದುರು ಮಾತು ಗಟ್ಟಿ ಇದ್ದು. ಸಂಗ್ರಹ ಹೇಳಿ ಸುರು ಆದ್ದು ಮರುಳಾಗಿ ಮುಗಿತ್ತು, ಹತ್ತು ಇದ್ದರೆ ಹನ್ನೊಂದ್ನೇದು ಬೇಕಾವ್ತು ಹೇಳಿ. ಅದು ನಿಜ. ಎನ್ನ ಮಗಳಿಂಗೂ ಆನು ಅದನ್ನೇ ಹೇಳಿದ್ದು. ನಲುವತ್ತು ಪೆನ್ನು ಪೆಟ್ಟಿಗೆಲಿ ಮಡಗಿ ಒಂದರಲ್ಲೇ ಬರೆತ್ತರೆ, ನಲುವತ್ತು ಪಟ್ಟೆಸೀರೆ ಕಪಾಟಿಲಿ ಮಡಗಿ ಮನೆಲಿ ನೈಟಿ ಹಾಕಿಗೊಂಬದಕ್ಕೂ ಅದಕ್ಕೂ ಎಂತ ವ್ಯತ್ಯಾಸ? ಅದು ಒಂದು ಕಟ್ಟು ಮಾಡಿಗೊಂಡಿದು. ವರ್ಷಲ್ಲಿ ಒಂದರಿಯಾದರೂ ಇಂಕು ಕಾಣದ್ದ ಪೆನ್ನಿನ ಬರವಲೆ ಆಸೆ ಇಪ್ಪ ಆರಿಂಗಾರೂ ಕೊಡುದು. ಹೋದ ವರ್ಷ ಎರಡು ಪೆನ್ನು ಹಾಂಗೆ ಶಾಲೆಗೆ ಹೋಪ ಕೂಸುಗೊಕ್ಕೆ ಹೋತು. ಮತ್ತೊಂದು ವಿಷಯ, ವಿಧವೆ ಅಜ್ಜಿಯ ಹತ್ತರೆ ಹೋಗಿ ಕ್ರಯ ಹೇಳದ್ದೆ ಡಬ್ಬಿ ಎತ್ತಿಗೊಂಡು ಬಪ್ಪದು ಸಂಗ್ರಹ ಅಲ್ಲ. ತೆಗವೋರು "ಇದಕ್ಕೆ ಪೇಟೆಲಿ ಇಷ್ಟು ಕ್ರಯ ಇದ್ದು, ಆನು ಇಷ್ಟು ಕೊಡ್ತೆ, ನಿಂಗೊಗೆ ಇದು ಬೇಕಾ ಬೇಡದಾ" ಹೇಳಿ ಕೇಳೆಕು. ಕೊಡುವೋರು ಆ ದಿನವೇ ಕೊಡೆಕು ಹೇಳಿ ಇಲ್ಲೆ. ಎರಡು ದಿನ ಬಿಟ್ಟು ಬಾ ಹೇಳಿ ಕಳುಸಿ, ಮನೆಯ ಎಲ್ಲೋರ ಹತ್ತರೆ ತೋರ್ಸಿ, ಮತ್ತೆ ಕೊಡಿ.

ಇನ್ನು ಡಬ್ಬಿಂದ ತೆಗದ ಪೆನ್ನಿನ ಎಂತ ಮಾಡುದು? ಸುರುವಿಂಗೆ ಎಳವದು, ಪೀಂಕುಸುದು ಮಾಡ್ಲಾಗ. ಒಣಗಿದ ಇಂಕು ಅಂಟಿನ ಹಾಂಗೆ ಹಿಡ್ಕ್ಕೊಂಡಿರ್ತು. ಲೋಟೆಲಿ ತಣ್ಣೀರು ತೆಕ್ಕೊಂಡು ನಿಬ್ಬಿನ ಹೊಡೆ ಮಾಂತ್ರ ಮುಳುಗುವ ಹಾಂಗೆ ಇರುಳಿಡೀ ಮಡುಗಿ. ಉದಿಯಪ್ಪಗ ನೀರು ನೀಲಿ ಆಗಿರ್ತು. ಚೆಲ್ಲಿ ಪುನಾ ಮಡುಗಿ. ನೀರು ತೆಳಿ ಅಪ್ಪನ್ನಾರ, ಎರಡು ಮೂರು ದಿನ ಆದರೂ ಅಂಬ್ರೆಪ್ಪು ಮಾಡೆಡಿ. ಬೇಕಾದರೆ ಪಾತ್ರೆ ತೊಳವ ಸಾಬೂನಿನ ಒಂದು ಹುಂಡು ಹಾಕಿ. ಬೆಶಿನೀರು ಬೇಡ, ಎಬೊನೈಟಿನ ಬಣ್ಣ ಹೋಕು, ಸೆಲ್ಯುಲಾಯ್ಡು ವಕ್ರ ಅಕ್ಕು. ಸ್ಪಿರಿಟು, ಸ್ಯಾನಿಟೈಸರು, ಉಗುರಿನ ಬಣ್ಣ ತೆಗವ ಮದ್ದು ಯಾವದೂ ಬೇಡ, ಪೆನ್ನಿನ ಮೈಯೇ ಕರಗುಗು. ಒಣಗುಸುದು ನೆರಳಿಲಿ, ಹತ್ತಿವಸ್ತ್ರದ ಮೇಲೆ ನಿಬ್ಬು ಕೆಳ ಮಾಡಿ.

ಹೊಡೆಲಿ ಕಡ್ಡಿಯ ಹಾಂಗಿಪ್ಪ ಲಿವರು ಇಪ್ಪ ಪೆನ್ನಾದರೆ ಅದರ ಎಳದು ನೋಡೆಡಿ. ಆ ಕ್ರಮ ಅಮೇರಿಕದ ಶೇಫರ್ ಕಂಪೆನಿಯೋರದ್ದು, 1908ರಲ್ಲಿ ಪೇಟೆಂಟು ಆದ್ದು. ಒಳ ಒಂದು ರಬ್ಬರಿನ ಚೀಲ ಇರ್ತು, ಲಿವರು ಎಳದಪ್ಪಗ ಅದು ಅಮರಿ, ಬಿಟ್ಟಪ್ಪಗ ಇಂಕು ಹೀರುತ್ತು. ಹಳೆ ರಬ್ಬರು ಗಟ್ಟಿ ಆಗಿ ಹಪ್ಪಳದ ಹಾಂಗೆ ಹೊಡಿ ಹೊಡಿ ಆಗಿರ್ತು. ಗೊಂತಿಪ್ಪೋರತ್ರೆ ಚೀಲ ಬದಲ್ಸುದು ದೊಡ್ಡ ಖರ್ಚಿನ ಕೆಲಸ ಅಲ್ಲ. 1948ರಿಂದ ಇತ್ಲಾಗಿ ಬಂದ ಪಾರ್ಕರ್ 51ರಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಚೀಲ, ಒತ್ತಿ ತುಂಬುಸುದು. ಅದು ಹೆಚ್ಚಾಗಿ ಹಾಳಾಗಿರ್ತಿಲ್ಲೆ. ಬರೇ ತೊಳದರೆ ಸಾಕು, ಪುನಾ ಬರೆತ್ತು.

ಇಂಕು ಏವದು? ಫೌಂಟನ್ ಪೆನ್ನಿಂಗೆ ಹೇಳಿ ಬರದ್ದದು ಮಾಂತ್ರ ಹಾಕೆಕು. ಬೆಂಗ್ಳೂರಿನ ಬ್ರಿಲ್, ಬೊಂಬಾಯಿಯ ಕ್ಯಾಮೆಲ್, ಬಂಗಾಳದ ಸುಲೇಖಾ ಹೇಳಿ ನಮ್ಮ ದೇಶದ್ದೇ ಇದ್ದು, ಪಾರ್ಕರಿನ ಕ್ವಿಂಕ್ 1931ರಿಂದ ಇದ್ದು. ಚಿತ್ರ ಬಿಡುಸುವ ಇಂಡಿಯನ್ ಇಂಕು ಹಾಕಲೇ ಆಗ, ಅದರಲ್ಲಿ ಅರಗು ಇರ್ತು, ಒಣಗಿದರೆ ಪೆನ್ನು ಕಟ್ಟಿಹೋವ್ತು. ಬರೇ ನೀಲಿ ಇಂಕು ನೀರು ಬಿದ್ದರೆ ಹರಡುತ್ತು, ಬೆಶಿಲಿಂಗೆ ಮಾಸುತ್ತು. ಅಡಿಗೆ ಪುಸ್ತಕ, ಹಾಡಿನ ಪುಸ್ತಕ ಬರವಲೆ ನೀರಿಂಗೆ ತಡವ ಇಂಕು ಹೇಳಿ ಕೇಳಿ ತೆಕ್ಕೊಳ್ಳಿ. ನಮ್ಮ ಮಳೆಗಾಲಕ್ಕೆ, ನಮ್ಮ ಅಡಿಗೆ ಒಳಾಣ ಚೆಂಡಿ ಕೈಗೆ ಅದೇ ಅಕ್ಕಷ್ಟೆ. ಬರೆಯದ್ದೆ ವಾರಗಟ್ಲೆ ಮಡುಗುತ್ತರೆ ಇಂಕು ತೆಗದು, ತೊಳದು ಮಡುಗೆಕು.

ಹೊಸತ್ತಾಗಿ ಹಳೆ ಪೆನ್ನು ತೆಗವಲೆ ಹೆರಟೋರಿಂಗೆ ಎರಡೇ ಮಾತು. ನಿಬ್ಬಿನ ಹತ್ತರಂದ ತೆಗದ ಪಟ, ಮುಚ್ಚಲಿನ ಬಾಯಿಯ ಪಟ ಕೇಳದ್ದೆ ಪೈಸೆ ಕಳುಸೆಡಿ. ಕೊಡಿಯ ಕಾಳು ಇದ್ದಾ, ಎರಡು ಸೀಳೂ ಸಮ ಇದ್ದಾ, ಮುಚ್ಚಲಿನ ಅಂಚಿಲಿ ಕೂದಲಿನಷ್ಟು ಬಿರುಕು ಇದ್ದಾ ಹೇಳಿ ನೋಡೆಕು. ಒಂದು ಪೆನ್ನಿನ ಮುಚ್ಚಲು, ಇನ್ನೊಂದರ ಮೈ, ಮತ್ತೊಂದರ ನಿಬ್ಬು ಸೇರ್ಸಿ ಮಾರುವೋರೂ ಇದ್ದವು. ಮತ್ತೆ, ಸುರುವಾಣ ಪೆನ್ನಿಂಗೆ ಅಂಗಡಿಗೆ ಹೋಪಂದ ಮದಲು ಅಪ್ಪನಮನೆಯ ಅಟ್ಟ, ಅತ್ತೆಮನೆಯ ಕಪಾಟು ಎರಡನ್ನೂ ಹುಡ್ಕಿ. ಅಲ್ಲಿ ಸಿಕ್ಕುವ ಪೆನ್ನಿಂಗೆ ಎಷ್ಟು ಪೈಸೆ ಕೊಟ್ಟರೂ ಸಮ ಬಾರ.

ನವರಾತ್ರಿಲಿ ಶಾರದಾಪೂಜೆಗೆ ಪುಸ್ತಕ ಮಡುಗುವಗ ಪೆನ್ನುದೇ ಮಡುಗುತ್ತು. ಈಗ ಹೆಚ್ಚಾಗಿ ಮಕ್ಕಳ ಬಾಲ್ ಪೆನ್ನು ಮಡುಗುದು, ಹೂಗು ಹಾಕುದು, ವಿಜಯದಶಮಿ ದಿನ ತೆಗವದು. ಈ ಸರ್ತಿ ಆ ತಗಡಿನ ಡಬ್ಬಿ ಇಳುಶಿ, ನಾಲ್ಕು ದಿನ ಮದಲೇ ತೊಳದು, ಅದರಿಂದ ಒಂದು ಪೆನ್ನಿನ ದೇವರ ಮುಂದೆ ಮಡುಗಿ. ದಶಮಿಯ ದಿನ ಮನೆಲಿ ಆರಿಂಗೆ ಬರವಲೆ ಆಸೆ ಇದ್ದೋ ಅವಕ್ಕೆ, ಕೂಸಾದರೆ ಕೂಸಿಂಗೆ, ಎಂಬತ್ತು ವರ್ಷದ ಅಜ್ಜಿ ಆದರೆ ಅಜ್ಜಿಗೆ, ಇಂಕು ತುಂಬುಸಿ ಕೈಗೆ ಕೊಡಿ. ಆ ಪೆನ್ನಿನ ಪಾಲು ಅಲ್ಲಿಗೆ ಇತ್ಯರ್ಥ ಆತು ಹೇಳಿ ಲೆಕ್ಕ. ಸುರುವಿಂಗೆ ಎಂತ ಬರೆಯೆಕು ಹೇಳಿ ಆನು ಹೇಳ್ತಿಲ್ಲೆ. ಅಜ್ಜಿಯ ಪುಸ್ತಕಲ್ಲಿ ಅರ್ಧಕ್ಕೆ ನಿಂದ ಒಂದು ಹಾಡಿದ್ದರೆ, ಅದರ ಒಳುದ ಸಾಲುಗಳ ಕೇಳಿ ಬರಕ್ಕೊಂಡರೆ ಒಳ್ಳೆದು. ಹೇಳಿ ಕೊಡುವೋರು ಈಗಳೂ ನಮ್ಮ ನೆರೆಕರೆಲಿ ಇದ್ದವು, ಎಷ್ಟು ಸಮಯ ಇಕ್ಕು ಹೇಳಿ ಮಾಂತ್ರ ಹೇಳುಲೆ ಎಡಿಯ.